ಮುಟ್ಟು ನಿಂತು ಆರು ವರ್ಷವಾದ ಮೇಲೆ ಅತ್ತೆಗೆ ಮತ್ತೆ ರಕ್ತ ಹೋಗುತ್ತಿದೆ. ಉಷ್ಣ ಅಂತ ಬಿಡಬಹುದಾ?

ಡೊಂಬಿವಲಿ ಸೊಸೆ
ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರ ಕೇಳಬೇಕೋ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಗಂಡಸರು ಓದಿದರೂ ಪರವಾಗಿಲ್ಲ. ನಾಚಿಕೆ ಪಡುವಷ್ಟು ತಾಳ್ಮೆ ಈಗ ಉಳಿದಿಲ್ಲ.

ನಮ್ಮ ಅತ್ತೆಗೆ 58. ಮುಟ್ಟು ನಿಂತು ಆರು ವರ್ಷ ಆಯಿತು. ಶುಕ್ರವಾರ ಬೆಳಿಗ್ಗೆ ನಲ್ಲಿ ನೀರು ಬರುವ ಹೊತ್ತಿಗೆ ಬಾತ್‌ರೂಮಿಗೆ ಹೋದೆ. ಮೂಲೆಯಲ್ಲಿ ನೀಲಿ ಬಕೆಟ್, ಮೇಲೊಂದು ತಟ್ಟೆ ಮುಚ್ಚಿದೆ. ನೆಲ ಒರೆಸುವ ಬಟ್ಟೆ ನೆನೆಸಿದ್ದಾರೆ ಅಂತ ತಟ್ಟೆ ತೆಗೆದರೆ ಹಳೇ ಕಾಟನ್ ಸೀರೆಯ ತುಂಡುಗಳು. ನೀರೆಲ್ಲ ಕಂದು ಬಣ್ಣ.

ಕೇಳಿದರೆ ಮೊದಲು ಬೈದರು. ಆಮೇಲೆ ಮೆಲ್ಲಗೆ ಹೇಳಿದರು: ಚೌತಿ ಕಳೆದ ಮೇಲೆ ಶುರುವಾದದ್ದಂತೆ. ಅಂದರೆ ನಾಲ್ಕು ತಿಂಗಳು! ಹತ್ತಿರದ ಫ್ಯಾಮಿಲಿ ಡಾಕ್ಟರ್ ಹತ್ತಿರ ಒಬ್ಬರೇ ಮೂರು ಸಲ ಹೋಗಿ ಬಂದಿದ್ದಾರೆ. ಅವರು ರಕ್ತ ನಿಲ್ಲುವ ಮಾತ್ರೆ ಕೊಟ್ಟು, ಒಂದು ಸೋನೋಗ್ರಫಿ ಮಾಡಿಸಿ, "ಎಲ್ಲ ನಾರ್ಮಲ್, ಉಷ್ಣ ಜಾಸ್ತಿ ಆಗಿದೆ" ಅಂದರಂತೆ. ಮಾತ್ರೆ ತಿಂದಾಗ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.

ಇನ್ನೊಂದು ವಿಷಯ ಬರೆಯುವುದಕ್ಕೇ ಸಂಕಟ. ಅತ್ತೆ ಕೋಣೆಯಲ್ಲಿ ಇತ್ತೀಚೆಗೆ ದಿನವಿಡೀ ಊದುಬತ್ತಿ ಹಚ್ಚಿಡುತ್ತಿದ್ದರು. ವಯಸ್ಸಾಯಿತಲ್ಲ, ಭಕ್ತಿ ಜಾಸ್ತಿ ಆಗಿದೆ ಅಂದುಕೊಂಡಿದ್ದೆ. ವಾಸನೆ ಮುಚ್ಚುವುದಕ್ಕೆ ಅಂತ ಈಗ ಗೊತ್ತಾಯಿತು.

ಏನು ಮಾಡಲಿ?


ಮಾಟುಂಗಾ ಅಮ್ಮ
ಸೋಮವಾರ, ರಾತ್ರಿ 11:05

ಹೆದರಬೇಡ ಮಗಾ. ಮುಂಬಯಿ ಸೆಕೆಗೆ ನಮಗೆಲ್ಲ ಹೀಗೆ ಆಗಿದೆ. ಕೊತ್ತಂಬರಿ ಬೀಜ ರಾತ್ರಿ ನೆನೆಹಾಕಿ ಬೆಳಿಗ್ಗೆ ಆ ನೀರು ಕೊಡು. ಬಾಳೆದಿಂಡಿನ ರಸವೂ ಒಳ್ಳೆಯದು. ಒಂದು ತಿಂಗಳು ನೋಡಿ ಆಮೇಲೆ ಡಾಕ್ಟರ್. ಈ ವಯಸ್ಸಿನಲ್ಲಿ ಒಳಗಿನ ಪರೀಕ್ಷೆ ಅಂತ ಯಾಕೆ ಅವರಿಗೆ ಕಷ್ಟ ಕೊಡುವುದು?


ರಿಟೈರ್ಡ್ ಸಿಸ್ಟರ್
ಮಂಗಳವಾರ, ಬೆಳಿಗ್ಗೆ 6:15

ಮುನ್ಸಿಪಲ್ ಆಸ್ಪತ್ರೆಯ ಹೆಂಗಸರ ಓಪಿಡಿಯಲ್ಲಿ 31 ವರ್ಷ ಕೆಲಸ ಮಾಡಿದವಳು ನಾನು. ಡಾಕ್ಟರ್ ಅಲ್ಲ, ಆದರೆ ಈ ಬಕೆಟ್ ಕತೆ ಎಷ್ಟು ಸಲ ಕೇಳಿದ್ದೇನೆ ಅಂತ ಲೆಕ್ಕವಿಲ್ಲ.

ಮಾಟುಂಗಾ ಅಮ್ಮಾ, ಕೊತ್ತಂಬರಿ ನೀರು ಕುಡಿಯಲಿ, ತಪ್ಪಿಲ್ಲ. ಆದರೆ ಕುಡಿಯುತ್ತಲೇ ಈ ವಾರ ಆಸ್ಪತ್ರೆಗೆ ಹೋಗಲಿ. ಇನ್ನೊಂದು ತಿಂಗಳು ಕಾಯುವುದು ಬೇಡ. ಮುಟ್ಟು ಪೂರ್ತಿ ಒಂದು ವರ್ಷ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ತೋರಿಸಲೇಬೇಕು. ಅದಕ್ಕೆ ಉಷ್ಣ, ಪಿತ್ತ, ಸೆಕೆ ಅನ್ನುವ ವಿವರಣೆ ಇಲ್ಲ. ಹಾಗಂತ ಹೀಗೆ ಬಂದವರಿಗೆಲ್ಲ ಕ್ಯಾನ್ಸರ್ ಅಲ್ಲ, ಇದನ್ನೂ ಹೇಳಬೇಕು. ಹೆಚ್ಚಿನವರಲ್ಲಿ ಒಳಗಿನ ಚರ್ಮ ಒಣಗಿ ತೆಳುವಾಗಿರುತ್ತದೆ, ಇಲ್ಲ ಸಣ್ಣ ಪಾಲಿಪ್ ಬೆಳೆದಿರುತ್ತದೆ. ಕೆಲವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್, ಕೆಲವರಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್. ಯಾವುದು ಅನ್ನುವುದು ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ನೋಡಬೇಕು.

ನನ್ನ ಸಿಟ್ಟು ಇರುವುದು ಆ ಡಾಕ್ಟರ್ ಮೇಲೆ. ಮೂರು ಸಲ ಹೋದರೂ ಒಮ್ಮೆಯೂ ಟೇಬಲ್ ಮೇಲೆ ಮಲಗಿಸಿ ನೋಡಿಲ್ಲ. ನೋಡದೆ ಕೊಟ್ಟ ಮಾತ್ರೆ ಬರೀ ರಕ್ತವನ್ನು ಮುಚ್ಚಿಡುತ್ತದೆ. ಸೋನೋಗ್ರಫಿ ವಿಷಯವೂ ಅಷ್ಟೇ. ಅದರಲ್ಲಿ ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ಅಂತ ಕಾಣುತ್ತದೆ, ಅದು ಬೇಕು. ಆದರೆ ಕೊರಳಿನ ಕ್ಯಾನ್ಸರ್ ಇಲ್ಲ ಅಂತ ಸೋನೋಗ್ರಫಿ ನೋಡಿ ಹೇಳುವ ಹಾಗಿಲ್ಲ. ರಿಪೋರ್ಟ್ ನಾರ್ಮಲ್ ಅಂತ ಫೈಲಿನಲ್ಲಿಟ್ಟುಕೊಂಡು ಆರು ತಿಂಗಳು ಸುಮ್ಮನೆ ಕೂತವರನ್ನು ನೋಡಿದ್ದೇನೆ.

ರಕ್ತದ ಜೊತೆ ವಾಸನೆಯೂ ಇದೆ ಅಂದಿರಲ್ಲ, ಹಾಗಾಗಿ ತಡ ಮಾಡಬೇಡಿ.


ಡೊಂಬಿವಲಿ ಸೊಸೆ
ಮಂಗಳವಾರ, ಬೆಳಿಗ್ಗೆ 8:50

ಸಿಸ್ಟರ್, ಥ್ಯಾಂಕ್ಸ್. ಲೋಕಲ್‌ನಲ್ಲಿ ನಿಂತೇ ಓದಿದೆ. ಗುರುವಾರ ರಜೆ ಹಾಕಿದ್ದೇನೆ. ಅತ್ತೆಗೆ ಇನ್ನೂ ಹೇಳಿಲ್ಲ. ಒಳಗಿನ ಪರೀಕ್ಷೆ ಅಂದರೆ ಬರುವುದೇ ಇಲ್ಲ ಅಂತ ಭಯ. ಏನು ಮಾಡುತ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ನನಗೂ ಗೊತ್ತಿಲ್ಲ. ಎರಡು ಹೆರಿಗೆ ಆಗಿದೆ, ಆದರೂ ಗೊತ್ತಿಲ್ಲ!


ರಿಟೈರ್ಡ್ ಸಿಸ್ಟರ್
ಮಂಗಳವಾರ, ಮಧ್ಯಾಹ್ನ 2:20

ಹೇಳುತ್ತೇನೆ. ಮೊದಲು ಮೂತ್ರ ಮಾಡಿ ಬರಲು ಹೇಳುತ್ತಾರೆ. ಸೀರೆ ಪೂರ್ತಿ ಬಿಚ್ಚಬೇಕಾಗಿಲ್ಲ, ಮೇಲೆತ್ತಿಕೊಂಡರೆ ಸಾಕು. ಮಂಡಿ ಮಡಚಿ ಮಲಗಬೇಕು. ಬಾತುಕೋಳಿಯ ಕೊಕ್ಕಿನ ಹಾಗಿರುವ ಒಂದು ಸಾಧನವನ್ನು ಒಳಗಿಟ್ಟು ಮೆಲ್ಲಗೆ ಅಗಲ ಮಾಡುತ್ತಾರೆ. ದೀಪ ಹಿಡಿದರೆ ಕೊನೆಯಲ್ಲಿ ಗರ್ಭಕೋಶದ ಕೊರಳು ಕಾಣುತ್ತದೆ. ನಡುವೆ ಸಣ್ಣ ತೂತಿರುವ ಒಂದು ಗುಲಾಬಿ ಗುಂಡಿ, ಅಷ್ಟೇ. ಉಸಿರು ಬಿಗಿಹಿಡಿದು ತೊಡೆ ಸೆಟೆಸಿದರೆ ನೋವು. ಬಾಯಿ ತೆರೆದು ಉಸಿರು ಬಿಟ್ಟರೆ ಬರೀ ಒತ್ತಿದ ಹಾಗಿರುತ್ತದೆ. ವಯಸ್ಸಾದವರಿಗೆ ಒಳಗೆ ಒಣಗಿರುವುದರಿಂದ ಸ್ವಲ್ಪ ಉರಿ ಆಗಬಹುದು. ಸಣ್ಣ ಸೈಜಿನದು ಹಾಕಿ, ಜೆಲ್ಲಿ ಹಚ್ಚಿ ಅಂತ ನೀವೇ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೂ ಬೈಯಲಿ ಬಿಡಿ.

ಬೆಳೆದದ್ದೇನಾದರೂ ಕಂಡರೆ ಚಿಟಿಕೆಯಷ್ಟು ತುಂಡು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಖಚಿತ ಉತ್ತರ ಬರುವುದು ಅದರಿಂದ ಮಾತ್ರ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪ್ಯಾಪ್ ಟೆಸ್ಟ್ (ಕೊರಳಿನ ಜೀವಕೋಶ ತೆಗೆದು ನೋಡುವುದು), ವಿಐಎ (ಕೊರಳಿಗೆ ಆಸಿಡ್ ಹಚ್ಚಿ ಕಣ್ಣಲ್ಲೇ ನೋಡುವುದು), ಎಚ್‌ಪಿವಿ ಟೆಸ್ಟ್ (ಈ ಕ್ಯಾನ್ಸರ್ ತರುವ ವೈರಸ್ ಹುಡುಕುವುದು), ಈ ಮೂರೂ ಏನೂ ತೊಂದರೆ ಇಲ್ಲದವರಿಗೆ ಮಾಡುವ ತಪಾಸಣೆ. ರಕ್ತ ಹೋಗುತ್ತಿರುವವರಿಗೆ ಅಷ್ಟೇ ಸಾಲದು. "ಹೋದ ವರ್ಷ ಪ್ಯಾಪ್ ನಾರ್ಮಲ್ ಬಂದಿತ್ತು" ಅಂದರೂ ಈಗ ಲಕ್ಷಣ ಇದ್ದರೆ ಈಗಲೇ ನೋಡಬೇಕು. ನಿಮ್ಮ ಅತ್ತೆಗೆ ಯಾರಾದರೂ ಬರೀ ವಿಐಎ ಮಾಡಿ ಕಳಿಸಿದರೆ ಒಪ್ಪಬೇಡಿ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಕೊರಳಿನ ಒಳಕ್ಕೆ ಸರಿದಿರುತ್ತದೆ, ವಿಐಎಗೆ ಕಾಣುವುದಿಲ್ಲ.

ಓಪಿಡಿಯಲ್ಲಿ ಭಾಷೆ ಇನ್ನೊಂದು ಕಷ್ಟ. ನಮ್ಮವರು ನಾಚಿಕೊಂಡು "ಪೇಟ್ ಮೆ ದರ್ದ್" ಅಂತಾರೆ, ಗ್ಯಾಸಿನ ಮಾತ್ರೆ ತಗೊಂಡು ಬರುತ್ತಾರೆ. ಮರಾಠಿಯಲ್ಲಿ ಹೀಗೆ ಹೇಳಿ: "ಪಾಳಿ ಬಂದ್ ಹೋಊನ್ ಸಹಾ ವರ್ಷಂ ಝಾಲಿ, ಆತಾ ಪರತ್ ರಕ್ತ ಜಾತಂಯ್." ಬಿಳಿ ಹೋಗುವುದಕ್ಕೆ "ಅಂಗಾವರೂನ್ ಜಾತಂ" ಅನ್ನುತ್ತಾರೆ. ವಾಸನೆ ಇದ್ದರೆ "ಘಾಣ್ ವಾಸ್ ಯೇತೋ." ಕೊನೆಗೆ "ಆತೂನ್ ತಪಾಸೂನ್ ಬಘಾ" ಅನ್ನಿ, ಒಳಗಿನಿಂದ ಪರೀಕ್ಷೆ ಮಾಡಿ ನೋಡಿ ಅಂತ. ಈ ನಾಲ್ಕು ಮಾತು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.


ಹೋಟೆಲ್ ಮಾಣಿ
ಮಂಗಳವಾರ, ರಾತ್ರಿ 11:55

ಹೋಟೆಲ್ ಮುಚ್ಚಿ ಈಗ ಓದಿದೆ. ಗಂಡಸು ಕೇಳಬಾರದೋ ಏನೋ. ನನ್ನ ಹೆಂಡತಿಗೆ 34. ನಾವಿಬ್ಬರು ಸೇರಿದ ಮೇಲೆ ಎರಡು ಮೂರು ಸಲ ಸ್ವಲ್ಪ ರಕ್ತ ಕಂಡಿತು. ಮುಟ್ಟಿನ ದಿನ ಅಲ್ಲ. ನೋವಿಲ್ಲ. ಅವಳು "ಕಾಪರ್ ಟಿ ಇದೆಯಲ್ಲ, ಅದಕ್ಕೇ" ಅನ್ನುತ್ತಾಳೆ. ಇದೂ ಅದೇ ಸಾಲಿಗೆ ಸೇರುತ್ತದಾ? ಇನ್ನೊಂದು, ಈ ಕೊರಳಿನ ಕ್ಯಾನ್ಸರ್ ಗಂಡಸಿನಿಂದ ಬರುತ್ತದೆ ಅಂತ ಎಲ್ಲೋ ಓದಿದೆ. ನನಗೆ ನಿದ್ದೆ ಬರುತ್ತಿಲ್ಲ.


ಪರೇಲ್ ದಾಟಿದವಳು
ಬುಧವಾರ, ಬೆಳಿಗ್ಗೆ 5:30

ಮಾಣಿ ಅಣ್ಣ, ನೀವು ಕೇಳಿದ್ದೇ ಒಳ್ಳೆಯದಾಯಿತು. ನಾನೂ ಕಾಪರ್ ಟಿ ಮೇಲೆ ಹಾಕಿ ಎಂಟು ತಿಂಗಳು ಕಳೆದೆ. ಆಗ ನನಗೆ 41.

ನನಗೂ ನೋವಿರಲಿಲ್ಲ. ಅದೇ ಮೋಸ. ನೋವಿದ್ದರೆ ಆ ವಾರವೇ ಓಡುತ್ತಿದ್ದೆ. ಸೇರಿದ ಮೇಲೆ ಸ್ವಲ್ಪ ರಕ್ತ, ಮರುದಿನ ಏನೂ ಇಲ್ಲ. ಆಮೇಲೆ ನೀರಿನ ಹಾಗೆ ಹೋಗುವುದು ಶುರುವಾಯಿತು. ಅಕ್ಕಿ ತೊಳೆದ ನೀರಿಗೆ ಒಂದು ಹನಿ ಕುಂಕುಮ ಬೆರೆತ ಹಾಗೆ. ಪ್ಯಾಡ್ ಇಡಬೇಕಾಗುವಷ್ಟು. ಕೊನೆಕೊನೆಗೆ ಸೊಂಟದ ಕೆಳಗೆ ಒಂದು ಮೊಂಡು ನೋವು. ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ನಿಂತು ಬಂದದ್ದು ಅಂದುಕೊಂಡೆ. ನೋಡಿ, ಒಂದೊಂದಕ್ಕೂ ಒಂದೊಂದು ಕಾರಣ ನಮ್ಮ ಹತ್ತಿರ ರೆಡಿ ಇರುತ್ತದೆ.

ಕೊನೆಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಅಂತ ಎರಡನೇ ಹಂತದಲ್ಲಿ ಗೊತ್ತಾಯಿತು. ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಐದು ವಾರ ರೇಡಿಯೇಶನ್, ವಾರಕ್ಕೊಮ್ಮೆ ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಶನ್. ಮುಗಿದು ಏಳು ವರ್ಷ ಆಯಿತು. 41ಕ್ಕೇ ಮುಟ್ಟು ನಿಂತಿತು, ಮೈಯೆಲ್ಲ ಬಿಸಿ ಬಿಸಿ ಆಗುತ್ತಿತ್ತು, ಒಳಗೆ ಒಣಗಿತು. ಇದೆಲ್ಲ ಹೇಳದೆ "ಗುಣವಾಯಿತು" ಅಂತ ಮಾತ್ರ ಹೇಳಿದರೆ ಅರ್ಧ ಸುಳ್ಳು. ಆದರೂ ಇವತ್ತು ಎದ್ದು ದೋಸೆ ಹಿಟ್ಟು ರುಬ್ಬುತ್ತಾ ಇದನ್ನು ಬರೆಯುತ್ತಿದ್ದೇನೆ.

ಹೆಂಡತಿಯನ್ನು ಕರೆದುಕೊಂಡು ಹೋಗಿ ಅಣ್ಣ. ಆ ವಯಸ್ಸಿನಲ್ಲಿ ಬರೀ ಸೋಂಕು ಅಥವಾ ಕೊರಳಿನ ಮೇಲಿನ ಕೆಂಪು ಸವೆತ ಇರುವ ಸಾಧ್ಯತೆಯೇ ಜಾಸ್ತಿ. ಆದರೆ ಸೇರಿದ ಮೇಲೆ ರಕ್ತ ಅನ್ನುವುದು ಮತ್ತೆ ಮತ್ತೆ ಆದರೆ ನೋಡಿಸಲೇಬೇಕು.


ರಿಟೈರ್ಡ್ ಸಿಸ್ಟರ್
ಬುಧವಾರ, ಬೆಳಿಗ್ಗೆ 7:10

ಮಾಣಿಯವರ ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಯಾಕೆಂದರೆ ಇದರಿಂದ ಮನೆಗಳು ಒಡೆದದ್ದನ್ನು ನೋಡಿದ್ದೇನೆ.

ಕೊರಳಿನ ಕ್ಯಾನ್ಸರ್ ಹೆಚ್ಚುಕಮ್ಮಿ ಯಾವಾಗಲೂ ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುತ್ತದೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ದೇಹ ಸಂಪರ್ಕದಿಂದಲೇ ದಾಟುವುದು, ನಿಜ. ಆದರೆ ಮದುವೆಯಾದವರಲ್ಲಿ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಎಂದಾದರೊಮ್ಮೆ ಬಂದೇ ಇರುತ್ತದೆ. ಬಂದದ್ದು ಗೊತ್ತೂ ಆಗುವುದಿಲ್ಲ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, 15–20 ವರ್ಷ ಮೆಲ್ಲಗೆ ಕೆಲಸ ಮಾಡಿ ಕ್ಯಾನ್ಸರ್ ಆಗುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದವರಲ್ಲಿ 5–10 ವರ್ಷಕ್ಕೇ ಆಗಬಹುದು. ಬೀಡಿ-ಸಿಗರೇಟ್ ಸೇದಿದರೆ ಅಪಾಯ ಹೆಚ್ಚು. ಅದಕ್ಕೇ "ಯಾರಿಂದ ಬಂತು, ಯಾವಾಗ ಬಂತು" ಅಂತ ಲೆಕ್ಕ ಹಾಕಲು ಕೂತರೆ ಉತ್ತರ ಸಿಗುವುದಿಲ್ಲ. ನಿಮ್ಮ ಮೇಲಾಗಲಿ ಹೆಂಡತಿ ಮೇಲಾಗಲಿ ಅನುಮಾನ ಬೇಡ. ನಿದ್ದೆ ಮಾಡಿ, ಬೆಳಿಗ್ಗೆ ನಂಬರ್ ಹಚ್ಚಿ.

ಆ 15–20 ವರ್ಷವೇ ನಮ್ಮ ಪುಣ್ಯ. ಅಷ್ಟು ದಿನ ಅದು ಕ್ಯಾನ್ಸರ್ ಆಗಿರುವುದಿಲ್ಲ, ಲಕ್ಷಣವೂ ಇರುವುದಿಲ್ಲ. ತಪಾಸಣೆಯಲ್ಲಿ ಸಿಕ್ಕಿದರೆ ಆ ಜಾಗವನ್ನಷ್ಟೇ ಸುಟ್ಟೋ ಕತ್ತರಿಸಿಯೋ ತೆಗೆಯುತ್ತಾರೆ, ಅದೇ ದಿನ ಮನೆಗೆ. ಲಕ್ಷಣ ಬರಲಿ ಆಮೇಲೆ ಹೋಗೋಣ ಅಂದರೆ ಈ ಅವಕಾಶ ಕೈಬಿಟ್ಟ ಹಾಗೆ.


ವಾಸ್ಕೊ ಟೀಚರ್
ಬುಧವಾರ, ಸಂಜೆ 6:45

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಝುವಾರಿನಗರದಲ್ಲಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ದುಡಿಯಲು ಬಂದವರು ಬಹಳ. ಸಂಜೆ ಕನ್ನಡ ಅಕ್ಷರ ಕಲಿಸಲು ಹೋಗುತ್ತೇನೆ. ಅಲ್ಲಿನ ಹೆಣ್ಣುಮಕ್ಕಳು ಮೊದಲು ಅಕ್ಷರ ಕಲಿತರು, ಆಮೇಲೆ ಮನಸ್ಸಿನೊಳಗಿನದು ಹೇಳಲು ಶುರುಮಾಡಿದರು.

ಅವರದು ಬೇರೆ ಕಷ್ಟ. ಬಹುತೇಕ ಎಲ್ಲರಿಗೂ "ಬಿಳಿ ಹೋಗುತ್ತದೆ, ಸೊಂಟ ಹಿಡಿಯುತ್ತದೆ." ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಪಗಾರ ಇಲ್ಲ. ಊರಿಗೆ ಹೋದಾಗ ಯಾರೋ "ಗರ್ಭಚೀಲ ತೆಗೆಸಿಬಿಡು, ಕ್ಯಾನ್ಸರ್ ಆಗುತ್ತದೆ" ಅಂತ ಹೆದರಿಸುತ್ತಾರೆ. 32–33 ವಯಸ್ಸಿಗೇ ತೆಗೆಸಿಕೊಂಡು ಬಂದವರು ನನ್ನ ಕ್ಲಾಸಿನಲ್ಲೇ ಮೂವರಿದ್ದಾರೆ. ಯಾವ ಬಿಳಿಗೆ ಹೆದರಬೇಕು, ಯಾವುದಕ್ಕೆ ಬೇಡ? ಸಿಸ್ಟರ್, ಅವರಿಗೆ ಓದಿ ಹೇಳುವ ಹಾಗೆ ಬರೆಯಿರಿ.


ರಿಟೈರ್ಡ್ ಸಿಸ್ಟರ್
ಬುಧವಾರ, ರಾತ್ರಿ 9:30

ಟೀಚರ್, ಬಿಳಿ ಹೋಗುವುದೆಲ್ಲ ಕಾಯಿಲೆ ಅಲ್ಲ. ಮುಟ್ಟಾಗುವ ವಯಸ್ಸಿನಲ್ಲಿ ದಿನಾ ಸ್ವಲ್ಪ ಹೋಗುತ್ತದೆ, ತಿಂಗಳ ನಡುವೆ ಮೊಟ್ಟೆಯ ಲೋಳೆಯ ಹಾಗೆ ಜಾಸ್ತಿ ಹೋಗುತ್ತದೆ. ವಾಸನೆ ಇಲ್ಲ, ತುರಿಕೆ ಇಲ್ಲ ಅಂದರೆ ಬಿಟ್ಟುಬಿಡಿ. ಒಡೆದ ಮೊಸರಿನ ಹಾಗೆ ಗಟ್ಟಿ, ಜೊತೆಗೆ ತುರಿಕೆ ಇದ್ದರೆ ಸಾಮಾನ್ಯವಾಗಿ ಅದು ಬೂಷ್ಟಿನ ಸೋಂಕು. ತೋರಿಸಿದರೆ ಕೆಲವೇ ದಿನದ ಔಷಧಿ. ಎಷ್ಟು ಔಷಧಿ ಹಾಕಿದರೂ ನಿಲ್ಲದೆ ನೀರಾಗಿ ಹೋಗುವುದು, ಕೆಂಪು ಅಥವಾ ಕಂದು ಬೆರೆತದ್ದು, ಕೊಳೆತ ವಾಸನೆ, ಇದಕ್ಕೆ ಒಳಗಿನ ಪರೀಕ್ಷೆ ಆಗಲೇಬೇಕು.

ಎರಡು ಮುಟ್ಟಿನ ನಡುವೆ ರಕ್ತ ಕಂಡರೆ, ಮುಟ್ಟು ಮೊದಲಿಗಿಂತ ಬಹಳ ದಿನ ಹಿಡಿದರೆ, ಸೇರುವಾಗ ಹೊಸದಾಗಿ ನೋವು ಬಂದರೆ, ಒಂದೆರಡು ತಿಂಗಳಿಗಿಂತ ಜಾಸ್ತಿ ಕಾಯಬೇಡಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ತಲೆ ಸುತ್ತಿದರೆ, ಮೂತ್ರ ಕಟ್ಟಿದರೆ ಅದೇ ದಿನ ಹೋಗಬೇಕು, ರಾತ್ರಿಯಾದರೂ ಸರಿ. ಒಂದು ಕಾಲು ಮಾತ್ರ ಊದಿಕೊಂಡರೂ ಅಷ್ಟೇ. ನಿಮ್ಮಲ್ಲಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜ್ ಇದೆಯಲ್ಲ.

ಗರ್ಭಚೀಲದ ವಿಷಯ. ಬಿಳಿ ಹೋಗುತ್ತದೆ ಅಂತ ಗರ್ಭಕೋಶ ತೆಗೆಸುವುದು ನೆಗಡಿ ಆಯಿತೆಂದು ಮೂಗು ಕೊಯ್ದ ಹಾಗೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳಿಗೆ ಹೀಗೆ ಮಾಡಿದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿ ವಿಧಾನಮಂಡಲದವರೆಗೂ ಹೋಯಿತು. ಕೆಲವು ಆಪರೇಷನ್‌ನಲ್ಲಿ ಕೊರಳನ್ನು ಹಾಗೇ ಬಿಟ್ಟಿರುತ್ತಾರೆ, ಆಗ ಕೊರಳಿನ ಕ್ಯಾನ್ಸರ್ ಭಯವೂ ಹಾಗೇ ಉಳಿಯಿತು. ಒಳಗೆ ಕ್ಯಾನ್ಸರ್ ಇದ್ದು, ಅದನ್ನು ತಿಳಿಯದೆ ಸಾಮಾನ್ಯ ಆಪರೇಷನ್ ಮಾಡಿಬಿಟ್ಟರೆ ಮುಂದಿನ ಚಿಕಿತ್ಸೆ ಇನ್ನೂ ಕಷ್ಟ. ಮೊದಲು ಪರೀಕ್ಷೆ, ಆಮೇಲೆ ಕತ್ತರಿ.

ನಿಮ್ಮ ಕ್ಲಾಸಿನವರಿಗೆ ಒಂದು ಕತೆ ಹೇಳಿ. 1998ರಲ್ಲಿ ಟಾಟಾ ಮೆಮೋರಿಯಲ್‌ನವರು ಮುಂಬಯಿಯ ಝೋಪಡಪಟ್ಟಿ, ಅಂದರೆ ಕೊಳೆಗೇರಿ ಬಸ್ತಿಗಳಲ್ಲಿ ಒಂದು ಕೆಲಸ ಶುರುಮಾಡಿದರು. 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರು. ನೋಡಿದವರು ಡಾಕ್ಟರ್ ಅಲ್ಲ, ಹತ್ತನೇ ಕ್ಲಾಸ್ ಓದಿದ ಹೆಣ್ಣುಮಕ್ಕಳು. ಅವರಿಗೆ ನಾಲ್ಕು ವಾರ ತರಬೇತಿ. ಅರ್ಧ ಬಸ್ತಿಗಳಲ್ಲಿ ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿದರು. ಅದು ಬೇರೇನಲ್ಲ, ಕೊರಳಿಗೆ ಹತ್ತಿಯಲ್ಲಿ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯುವುದು. ಚೈನೀಸ್ ಗಾಡಿಯ ವಿನೆಗರ್ ಇದೆಯಲ್ಲ, ಅದೇ ವಾಸನೆ. ಕೆಟ್ಟ ಜಾಗ ಬೆಳ್ಳಗಾಗುತ್ತದೆ. 2014ರಲ್ಲಿ ಅಚ್ಚಾದ ಲೆಕ್ಕದ ಪ್ರಕಾರ ಆ ಬಸ್ತಿಗಳಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರು ಉಳಿದರ್ಧ ಬಸ್ತಿಗಳಿಗಿಂತ ಶೇಕಡಾ 31 ಕಡಿಮೆಯಾದರು. ಹತ್ತಿ, ದೀಪ, ವಿನೆಗರ್!

ಸರ್ಕಾರದ ಕಾರ್ಯಕ್ರಮದಲ್ಲೂ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಇದೇ ಪರೀಕ್ಷೆ. ಹೆಲ್ತ್ ಸೆಂಟರ್‌ನಲ್ಲಿ ಕೇಳಿ ಪಡೆಯಿರಿ. ಮುಟ್ಟಿನ ದಿನ ಬಿಟ್ಟು ಹೋಗಬೇಕು.


ಕಾತ್ರಜ್ ಕನ್ನಡಿಗ
ಗುರುವಾರ, ಬೆಳಿಗ್ಗೆ 9:15

ಪುಣೆಯಿಂದ. ಮಗಳಿಗೆ 11. ಈ ಎಚ್‌ಪಿವಿ ತಡೆಯುವ ಲಸಿಕೆ ನಮ್ಮ ಊರಿನ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲೇ ತಯಾರಾಗುತ್ತದೆ ಅಂತ ಕೇಳಿ ಹೆಮ್ಮೆಪಟ್ಟಿದ್ದೆ, ಹಾಕಿಸಿರಲಿಲ್ಲ. ಹೆಸರು ಸರ್ವಾವ್ಯಾಕ್, ಬಂದದ್ದು 2023ರ ಜನವರಿಯಲ್ಲಿ. ನಿನ್ನೆ ಈ ಚರ್ಚೆ ಓದಿ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. 9ರಿಂದ 14 ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15ರ ಮೇಲೆ ಮೂರು ಅಂದರು. ಗಂಡುಹುಡುಗರಿಗೂ ಹಾಕಬಹುದಂತೆ. ನಮ್ಮ ತಾಯಿ "ಇಷ್ಟು ಚಿಕ್ಕ ಹುಡುಗಿಗೆ ಯಾಕೆ?" ಅಂತಿದ್ದಾರೆ. ಏನು ಹೇಳಲಿ?


ಪರೇಲ್ ದಾಟಿದವಳು
ಗುರುವಾರ, ಬೆಳಿಗ್ಗೆ 9:40

ಕಳ್ಳ ಬರುವ ಮೊದಲೇ ಬೀಗ ಹಾಕಬೇಕಲ್ವಾ? ವೈರಸ್ ತಗಲುವ ಮೊದಲು ಹಾಕಿದರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಚಿಕ್ಕವರ ಮೈ ಅದಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಅಷ್ಟೇ ಹೇಳಿ. ಅದರಲ್ಲಿ ಬಹುಪಾಲು ಕೊರಳಿನ ಕ್ಯಾನ್ಸರ್ ತರುವ 16, 18 ನಂಬರಿನ ವೈರಸ್‌ಗಳಿಗೆ ತಡೆ ಇದೆ, ಎಲ್ಲದಕ್ಕೂ ಇಲ್ಲ. ಹಾಗಾಗಿ ದೊಡ್ಡವಳಾದ ಮೇಲೆ ತಪಾಸಣೆ ತಪ್ಪಿಸುವಂತಿಲ್ಲ. ನಾನು ನನ್ನ ಇಬ್ಬರು ಮಕ್ಕಳಿಗೂ ಹಾಕಿಸಿದೆ. ಒಬ್ಬ ಮಗ.

ಡೊಂಬಿವಲಿಯವರೇ, ಇವತ್ತು ಗುರುವಾರ. ಹೋದಿರಾ?


ಡೊಂಬಿವಲಿ ಸೊಸೆ
ಗುರುವಾರ, ಸಂಜೆ 7:30

ಹೋಗಿ ಬಂದೆವು. ಅತ್ತೆಗೆ ನಾನು ಏನೂ ಬಣ್ಣ ಹಚ್ಚಲಿಲ್ಲ. "ನಿಮ್ಮ ಜೊತೆ ನಾನೂ ಮಲಗಿ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ, ನನಗೂ 37 ಆಯಿತು" ಅಂದೆ. ಸುಮ್ನೆ ಸೀರೆ ಬದಲಾಯಿಸಿ ಹೊರಟರು.

ಕೇಸ್ ಪೇಪರ್ ಮಾಡಿಸಿ ಎರಡು ಗಂಟೆ ಕಾದೆವು. ಲೇಡಿ ಡಾಕ್ಟರ್, ನನಗಿಂತ ಚಿಕ್ಕವರು. ಚೀಟಿ ನೋಡಿ ಓದಿದೆ. ನನ್ನ ಮರಾಠಿ ಕೇಳಿ ನಕ್ಕರು, ಆದರೆ "ಆತೂನ್ ತಪಾಸೂನ್ ಬಘಾ" ಅಂದ ತಕ್ಷಣ ಎದ್ದು ನಿಂತರು. ಅತ್ತೆ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದರು ಅಂದರೆ ಬಳೆಯ ಗುರುತು ಇನ್ನೂ ಇದೆ. ನೋಡಲು ಎರಡು ಮೂರು ನಿಮಿಷ. ಡಾಕ್ಟರ್ ಮುಖ ನೋಡಿದೆ, ಅವರು ಮಾತು ನಿಲ್ಲಿಸಿದರು. ಹೂಕೋಸಿನ ಹಾಗೆ ಸಣ್ಣದೊಂದು ಬೆಳೆದಿದೆ, ಮುಟ್ಟಿದರೆ ರಕ್ತ ಬರುತ್ತದೆ ಅಂದರು. ತುಂಡು ತೆಗೆದು ಕಳಿಸಿದ್ದಾರೆ.

ನನ್ನ ವಿಐಎ ನೆಗೆಟಿವ್. ಖುಷಿಪಡಲೂ ಮನಸ್ಸು ಬರಲಿಲ್ಲ.


ಮಾಟುಂಗಾ ಅಮ್ಮ
ಗುರುವಾರ, ರಾತ್ರಿ 8:15

ಮಗಾ, ನಾನು ಒಂದು ತಿಂಗಳು ಕಾಯಿ ಅಂದಿದ್ದೆ. ಮನಸ್ಸಿಗೆ ಹಾಕಿಕೊಳ್ಳಬೇಡ. ನಿನ್ನ ಅತ್ತೆಗೆ ರಾತ್ರಿ ಬಿಸಿ ಗಂಜಿ ಮಾಡಿಕೊಡು.


ಡೊಂಬಿವಲಿ ಸೊಸೆ
ಹನ್ನೆರಡು ದಿನದ ನಂತರ, ರಾತ್ರಿ 11:20

ರಿಪೋರ್ಟ್ ಬಂತು. ಗರ್ಭಕೋಶದ ಕೊರಳಿನ ಕ್ಯಾನ್ಸರ್. ಪರೇಲ್‌ಗೆ ಕಳಿಸಿದ್ದಾರೆ. ಅಲ್ಲಿ ಫೈಲ್ ಆಯಿತು, ಎಂಆರ್‌ಐ ಆಯಿತು. ಎರಡನೇ ಹಂತ, ಪಕ್ಕಕ್ಕೆ ಸ್ವಲ್ಪ ಹಬ್ಬಿದೆ, ಹಾಗಾಗಿ ಆಪರೇಷನ್ ಇಲ್ಲ, ರೇಡಿಯೇಶನ್ ಮತ್ತು ಕೀಮೋ ಅಂದರು. ಗುಣಪಡಿಸುವ ಚಿಕಿತ್ಸೆಯೇ ಕೊಡುವುದು ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಚಿಕಿತ್ಸೆಯ ಖರ್ಚಿಗೆ ಸರ್ಕಾರದ ಮಹಾತ್ಮ ಫುಲೆ ಯೋಜನೆಗೆ ರೇಷನ್ ಕಾರ್ಡ್, ಆಧಾರ್ ಕೊಟ್ಟಿದ್ದೇವೆ.

ಈಗ ಮನೆಯಲ್ಲಿ ಜಗಳ. ನಮ್ಮವರು, ನಾದಿನಿ ಇಬ್ಬರೂ ಅಮ್ಮನಿಗೆ ಹೇಳಬಾರದು ಅಂತಾರೆ. "ಗಡ್ಡೆ ಅಂತ ಹೇಳು, ಕರೆಂಟ್ ಕೊಟ್ಟು ಕರಗಿಸುತ್ತಾರೆ ಅನ್ನು." ಊರಿನಿಂದ ಮಾವ ಫೋನ್ ಮಾಡಿ "ಗರ್ಭಕೋಶ ತೆಗೆದು ಬಿಸಾಡಿದರೆ ಮುಗಿಯಿತಲ್ಲ" ಅಂತಾರೆ. ನನಗೆ ತಲೆ ಕೆಟ್ಟಿದೆ.


ಪರೇಲ್ ದಾಟಿದವಳು
ಮರುದಿನ, ಬೆಳಿಗ್ಗೆ 5:45

ಹೇಳಿ. ಐದು ವಾರ ದಿನಾ ಹೋಗಬೇಕು. ವಾಂತಿ ಬರುತ್ತದೆ, ಭೇದಿ ಆಗುತ್ತದೆ, ಮೂತ್ರ ಉರಿಯುತ್ತದೆ. ಗಡ್ಡೆ ಕರಗಿಸಲು ಇಷ್ಟೆಲ್ಲ ಬೇಡಪ್ಪಾ ಅಂತ ಮೂರನೇ ವಾರಕ್ಕೆ ನಿಲ್ಲಿಸಿಬಿಟ್ಟರೆ? ನಡುವೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ನನಗೆ ಮನೆಯವರು ಹತ್ತು ದಿನ ಮುಚ್ಚಿಟ್ಟಿದ್ದರು. ಆ ಹತ್ತು ದಿನ ಎಲ್ಲರೂ ನನ್ನ ಮುಂದೆ ನಗುತ್ತಿದ್ದರು, ಅದೇ ದೊಡ್ಡ ಹಿಂಸೆ.

ಮಾವನಿಗೆ ಹೇಳಿ: ಬೇರು ಪಕ್ಕಕ್ಕೆ ಹಬ್ಬಿದ ಗಿಡದ ಕಾಂಡ ಮಾತ್ರ ಕಡಿದರೆ ಪ್ರಯೋಜನ ಇಲ್ಲ ಅಂತ. ತೋಟದವರಾದರೆ ಅರ್ಥವಾಗುತ್ತದೆ.


ಹೋಟೆಲ್ ಮಾಣಿ
ಮರುದಿನ, ಮಧ್ಯಾಹ್ನ 3:30

ನನ್ನ ಹೆಂಡತಿಯದು ಸೋಂಕು ಅಂದರು, ಔಷಧಿ ಕೊಟ್ಟರು. ತಪಾಸಣೆಯೂ ಆಯಿತು, ಏನೂ ಇಲ್ಲ. ಆರು ವಾರದ ನಂತರ ಮತ್ತೆ ಬರಲು ಹೇಳಿದ್ದಾರೆ. ಅಕ್ಕಾ, ನಮ್ಮ ಹೋಟೆಲ್ ದಾದರ್ ಸ್ಟೇಶನ್ ಹತ್ತಿರವೇ. ಪರೇಲ್‌ಗೆ ಹೋಗುವ ದಿನ ಅತ್ತೆಯವರಿಗೆ ಇಡ್ಲಿ, ಗಂಜಿ ಏನು ಬೇಕೋ ಮೊದಲೇ ಒಂದು ಮೆಸೇಜ್ ಹಾಕಿ. ಖಾರ ಇಲ್ಲದ್ದು ಮಾಡಿಸಿಡುತ್ತೇನೆ.


ಡೊಂಬಿವಲಿ ಸೊಸೆ
ಮರುದಿನ, ರಾತ್ರಿ 10:10

ಇವತ್ತು ರಾತ್ರಿ ಊಟವಾದ ಮೇಲೆ ಟಿವಿ ಆಫ್ ಮಾಡಿ ಹೇಳಲು ಕೂತೆವು. ನಮ್ಮವರು "ಅಮ್ಮಾ, ಅದು..." ಅಂತ ಶುರುಮಾಡಿ ಅಳಲು ಶುರುಮಾಡಿದರು. ಅತ್ತೆ ಸುಪಾರಿ ಕತ್ತರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಆವತ್ತು ನೀನು ಟ್ಯಾಕ್ಸಿಯವನಿಗೆ ಟಾಟಾ ಅಂದೆಯಲ್ಲ, ಆಗಲೇ ಗೊತ್ತಾಯಿತು. ಮುಂಬಯಿಗೆ ಬಂದು ನಲವತ್ತು ವರ್ಷ ಆಯಿತು ಮಾರಾಯ."

ಆಮೇಲೆ ಕಾರ್ಕಳದಲ್ಲಿರುವ ತಂಗಿಗೆ ಫೋನ್ ಹಚ್ಚಿದರು. ಕ್ಯಾನ್ಸರ್ ಅನ್ನುವ ಶಬ್ದ ಹೇಳಲೇ ಇಲ್ಲ. "ನಿನಗೆ ನಿಂತ ಮೇಲೆ ಏನಾದರೂ ಕಾಣುತ್ತದಾ? ಸುಳ್ಳು ಹೇಳಬೇಡ" ಅಂತ ಕೇಳಿದರು. ಆ ಕಡೆಯಿಂದ ತುಂಬಾ ಹೊತ್ತು ಮಾತೇ ಇಲ್ಲ. ಈಗ ಅವರನ್ನೂ ಮಣಿಪಾಲಕ್ಕೆ ಕರೆದುಕೊಂಡು ಹೋಗಲು ಅವರ ಮಗನಿಗೆ ನಾನು ಫೋನ್ ಮಾಡಬೇಕು.

ಸೋಮವಾರದಿಂದ ರೇಡಿಯೇಶನ್. ಮಾಣಿ ಅಣ್ಣ, ಗಂಜಿ ಬೇಡವಂತೆ. ಮೆತ್ತಗಿನ ಇಡ್ಲಿ ಎರಡು ಸಾಕಂತೆ, ಚಟ್ನಿ ಬೇರೆ ಕಟ್ಟಬೇಕಂತೆ.